ಮೆಟಲ್ ಕೇಳುವವರೇ, ಸ್ವಲ್ಪ ಬೇಸ್ ಗಿಟಾರ್ ಕಡೆ ಕಿವಿ ಕೊಡಿ

ಕಾರವಾರ, ಕುಮಟಾ, ಶಿರಸಿ ಕಡೆ ರಾಕ್-ಮೆಟಲ್ ಕೇಳುವವರು ಕಡಿಮೆಯೇನಿಲ್ಲ. ಆದರೆ ಹೆಚ್ಚಿನವರ ಫೋನಿನಲ್ಲಿ ಅದೇ ಐದಾರು ಬ್ಯಾಂಡು, ಅದೇ ಹಾಡು. ಅದರಾಚೆ ಏನು ಕೇಳಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಗಿಟಾರಿನ ವೇಗ, ಗಾಯಕನ ಕಿರುಚಾಟ ಎರಡನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು ಬೇಸ್ ಗಿಟಾರಿನ ಹಿಂದೆ ಹೋಗಿ. ಬೇಸ್ ಸ್ಪಷ್ಟವಾಗಿ ಕೇಳುವ ಮೆಟಲ್ ಆಲ್ಬಂಗಳು ತೀರಾ ಕಡಿಮೆ. ಇರುವ ಕೆಲವು ಮಾತ್ರ ಮೂವತ್ತು ವರ್ಷ ಕಳೆದರೂ ಹಳತಾಗಿಲ್ಲ.

ಬೇಸ್ ಅಂದ ಕೂಡಲೇ ಜಾತ್ರೆಯ ಸೌಂಡ್ ಸಿಸ್ಟಂನಲ್ಲಿ ಎದೆಗೆ ಬಡಿಯುವ ಧಂ ಧಂ ನೆನಪಾಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕಿಕ್ ಡ್ರಮ್, ಅಂದರೆ ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್. ನಾನು ಹೇಳುತ್ತಿರುವುದು ನಾಲ್ಕು ದಪ್ಪ ತಂತಿಯ ವಾದ್ಯದ ಬಗ್ಗೆ, ಸ್ವರ ನುಡಿಸುವ ವಾದ್ಯದ ಬಗ್ಗೆ. ಅದರ ಅತಿ ಮಂದ್ರದ ತಂತಿ ಸುಮಾರು 41 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ), ಮುಂದಿನದು 55, ಆಮೇಲೆ 73, ಕೊನೆಯದು 98. ಮಾಮೂಲಿ ಗಿಟಾರಿನ ದಪ್ಪ ತಂತಿ ಶುರುವಾಗುವುದೇ 82ರಿಂದ. ಮೆಟಲ್‌ನಲ್ಲಿ ಗಿಟಾರನ್ನು ಇನ್ನೂ ಕೆಳಗೆ ಶ್ರುತಿ ಮಾಡುತ್ತಾರೆ. ಅಂಗೈಯಿಂದ ತಂತಿ ಒತ್ತಿ ಹಿಡಿದು ‘ಜುಗ್ ಜುಗ್’ ಅಂತ ಹೊಡೆಯುವಾಗ ಬರುವ ಗುಮ್ಮುವ ಸದ್ದು ನೇರ ಬೇಸ್‌ನ ಜಾಗಕ್ಕೇ ಬಂದು ಕೂರುತ್ತದೆ. ಕಿಕ್ ಡ್ರಮ್ಮಿನ ಹೊಟ್ಟೆಯೂ ಅಲ್ಲೇ, 60-80ರ ಆಸುಪಾಸು. ಮೂವರೂ ಒಂದೇ ಬಾಗಿಲಲ್ಲಿ ನುಗ್ಗಿದರೆ ಒಳಗೆ ಬರದೆ ಉಳಿಯುವವನು ಬೇಸ್‌ನವನೇ. ಅದರ ಮೇಲೆ ಅವನು ಗಿಟಾರಿನ ಸಾಲನ್ನೇ ಒಂದು ಸಪ್ತಕ ಕೆಳಗೆ ನುಡಿಸುತ್ತಿದ್ದರಂತೂ ಕಿವಿ ಅವನನ್ನು ಬೇರೆಯಾಗಿ ಹಿಡಿಯುವುದೇ ಇಲ್ಲ. ಮೆಟಾಲಿಕಾದ 1988ರ ಆಲ್ಬಂನಲ್ಲಿ ಬೇಸ್ ಎಲ್ಲಿ ಹೋಯಿತು ಅಂತ ಜನ ಇವತ್ತಿಗೂ ಜಗಳಾಡುತ್ತಾರಲ್ಲ, ಅದು ಈ ಕಾಯಿಲೆಯ ಅತಿ ಪ್ರಸಿದ್ಧ ಉದಾಹರಣೆ.

ಇದನ್ನು ನಂಬಬೇಕಾಗಿಲ್ಲ, ಕೇಳಿಯೇ ನೋಡಬಹುದು. ಡೆತ್ ಬ್ಯಾಂಡಿನ ‘ಹ್ಯೂಮನ್’ 1991ರಲ್ಲಿ ಬಂತು, ಬೇಸ್ ಸ್ಟೀವ್ ಡಿಜಾರ್ಜಿಯೋ. ಮೂಲ ಮಿಕ್ಸ್‌ನಲ್ಲಿ, ಅಂದರೆ ಎಲ್ಲ ವಾದ್ಯದ ಸದ್ದನ್ನು ಹದವಾಗಿ ಸೇರಿಸುವಲ್ಲಿ, ಅವರು ಇದ್ದಾರೆ ಅನ್ನುವುದೇ ಗೊತ್ತಾಗುವುದಿಲ್ಲ. 2011ರಲ್ಲಿ ರಿಲ್ಯಾಪ್ಸ್ ಕಂಪನಿಯವರು ಅದನ್ನು ಮರುಬಿಡುಗಡೆ ಮಾಡುವಾಗ ಜಿಮ್ ಮಾರಿಸ್ ಹೊಸದಾಗಿ ಮಿಕ್ಸ್ ಮಾಡಿದರು. ‘ಲ್ಯಾಕ್ ಆಫ್ ಕಾಂಪ್ರಹೆನ್ಷನ್’ ಹಾಡನ್ನು ಎರಡರಲ್ಲೂ ಒಂದರ ಹಿಂದೆ ಒಂದು ಹಾಕಿ. ನುಡಿಸಿದ್ದು ಅದೇ ಕೈ, ಅದೇ ದಿನದ ರೆಕಾರ್ಡಿಂಗ್. ಹೊಸದರಲ್ಲಿ ಮಾತ್ರ ಗಿಟಾರಿನ ಕೆಳಗೆ ಇನ್ನೊಂದು ಹಾಡೇ ನಡೆದಿದೆ ಅನ್ನುವುದು ತಿಳಿಯುತ್ತದೆ. ಹಳೆ ಮಿಕ್ಸ್‌ನ ಒರಟುತನವೇ ಚಂದ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಷ್ಟು ಒಳ್ಳೆಯ ನುಡಿಸಾಣಿಕೆಯನ್ನು ಹೂತಿಡುವುದರಲ್ಲಿ ಚಂದವೇನು ಬಂತು?

ಇಲ್ಲಿ ನಮ್ಮ ಕಡೆಯ ಕೇಳುಗರಿಗೆ ಒಂದು ಅನುಕೂಲ ಇದೆ. ಡಿಜಾರ್ಜಿಯೋ ತರಹದವರು ಬಳಸುವುದು ಫ್ರೆಟ್‌ಲೆಸ್ ಬೇಸ್, ಅಂದರೆ ಕುತ್ತಿಗೆಯ ಮೇಲೆ ಸ್ವರದ ಅಡ್ಡಪಟ್ಟಿಗಳಿಲ್ಲದ್ದು. ಸಿತಾರಿಗೆ ಪರದೆ ಇದೆ, ಸರೋದಿಗೆ ಇಲ್ಲವಲ್ಲ, ಹಾಗೆ. ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡೇ ಹೋಗಬಹುದು. ಹಿಂದುಸ್ತಾನಿ ಗಾಯಕ ಗಣಪತಿ ಭಟ್ ಹಾಸಣಗಿಯವರ ವಿಲಂಬಿತ ಖಯಾಲ್ ಕೂತು ಕೇಳಿದ ಕಿವಿಗೆ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಏನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ. ಡೆತ್‌ನ 1993ರ ‘ಇಂಡಿವಿಜುವಲ್ ಥಾಟ್ ಪ್ಯಾಟರ್ನ್ಸ್’ ಆಲ್ಬಂನ ಕೊನೆಯ ಹಾಡು ‘ದ ಫಿಲಾಸಫರ್’. ಅದು ಮುಗಿಯುವ ಹೊತ್ತಿಗೆ ಬೇಸ್ ಮುಂದೆ ಬಂದು ಜಾರುತ್ತಾ, ತೂಗುತ್ತಾ, ಹಾಗೆಯೇ ಕರಗಿ ಹೋಗುತ್ತದೆ. ಮೆಟಲ್ ಅಂದರೆ ಬರೀ ಗಲಾಟೆ ಅನ್ನುವ ಹಿಂದುಸ್ತಾನಿ ಪ್ರಿಯರಿಗೆ ಆ ಕೊನೆಯ ಅರ್ಧ ನಿಮಿಷ ಮಾತ್ರ ಕೇಳಿಸಿ. ಉಳಿದದ್ದು ಆಮೇಲೆ.

ಈಗ ನಿಜವಾಗಿ ಹೇಳಬೇಕೆಂದಿರುವ ಆಲ್ಬಂ: ಸಿನಿಕ್ ಬ್ಯಾಂಡಿನ ‘ಫೋಕಸ್’, 1993. ಫ್ಲೋರಿಡಾದ ಹುಡುಗರು, ಟ್ಯಾಂಪಾದ ಮಾರಿಸೌಂಡ್ ಸ್ಟುಡಿಯೋ, ಎಂಟು ಹಾಡು, ಒಟ್ಟು ಸುಮಾರು 36 ನಿಮಿಷ. ಗಿಟಾರಿನ ಪಾಲ್ ಮಾಸ್ವಿಡಾಲ್, ಡ್ರಮ್ಸ್‌ನ ಶಾನ್ ರೈನರ್ಟ್ ಇಬ್ಬರೂ ಅದಕ್ಕೂ ಮುಂಚೆ ಡೆತ್‌ನ ‘ಹ್ಯೂಮನ್’ನಲ್ಲಿ ನುಡಿಸಿದವರೇ. 1992ರ ಆಗಸ್ಟಿನಲ್ಲಿ ಆಂಡ್ರೂ ಚಂಡಮಾರುತ ಫ್ಲೋರಿಡಾಕ್ಕೆ ಅಪ್ಪಳಿಸಿ ಇವರ ಅಭ್ಯಾಸದ ಜಾಗವೇ ಹೋಯಿತು, ರೆಕಾರ್ಡಿಂಗ್ ಮುಂದಕ್ಕೆ ಬಿತ್ತು. ಆ ತಡವಾದ ತಿಂಗಳುಗಳಲ್ಲಿ ಸಂಗೀತ ಇನ್ನಷ್ಟು ಬದಲಾಯಿತು. ಬೇಸ್‌ಗೆ ಬಂದವರು ಶಾನ್ ಮಲೋನ್. ಫ್ರೆಟ್‌ಲೆಸ್ ಬೇಸ್ ಜೊತೆಗೆ ಚಾಪ್‌ಮನ್ ಸ್ಟಿಕ್ ಕೂಡ ಅವರದ್ದೇ. ಈ ಸ್ಟಿಕ್‌ನಲ್ಲಿ ತಂತಿ ಮೀಟುವುದಿಲ್ಲ, ಎರಡೂ ಕೈಯ ಬೆರಳಿನಿಂದ ತಟ್ಟಿ ನುಡಿಸುವುದು.

‘ಫೋಕಸ್’ ಕೇಳಲು ಹೋಗಿ ಅರ್ಧಕ್ಕೇ ಬಿಟ್ಟವರು ಬಹಳ. ಕಾರಣ ದನಿ. ಒಂದು ಕಡೆ ಗುರುಗುಟ್ಟುವ ಗಂಟಲು, ಇನ್ನೊಂದು ಕಡೆ ವೋಕೋಡರ್ ಯಂತ್ರದ ಮೂಲಕ ಬರುವ ಲೋಹದಂಥ ಹಾಡುಗಾರಿಕೆ. ಹಾಗಾಗಿ ಮೊದಲ ಹಾಡಿನಿಂದ ಶುರು ಮಾಡಬೇಡಿ. ಏಳನೆಯದು ‘ಟೆಕ್ಸ್ಚರ್ಸ್’, ಅದರಲ್ಲಿ ಹಾಡುಗಾರಿಕೆಯೇ ಇಲ್ಲ. ಮೊದಲ ಸಲ ಕೇಳುವಾಗ ಬೇಸ್ ಒಂದನ್ನೇ ಹಿಡಿದು ಗುನುಗಲು ಪ್ರಯತ್ನಿಸಿ. ಎಲ್ಲಿ ಕೈತಪ್ಪುತ್ತದೋ ಅಲ್ಲಿಗೆ ವಾಪಸ್ ಹೋಗಿ. ಗಿಟಾರ್ ಮೇಲೆ ಹೋದಾಗ ಬೇಸ್ ಕೆಳಗಿಳಿಯುತ್ತದೆ, ಗಿಟಾರ್ ಒಂದೇ ಸ್ವರದ ಮೇಲೆ ನಿಂತಾಗ ಬೇಸ್ ತಿರುಗಾಡುತ್ತದೆ. ಆ ದಾರಿ ಸಿಕ್ಕಿದ ಮೇಲೆ ‘ವೇಲ್ ಆಫ್ ಮಾಯಾ’ಕ್ಕೆ ಬನ್ನಿ. ಅಷ್ಟು ಹೊತ್ತಿಗೆ ದನಿ ಅಡ್ಡ ಬರುವುದಿಲ್ಲ, ಚಂಡೆಯ ಹಾಗೆ ಅದೂ ಒಂದು ಪೆಟ್ಟಿನ ಸದ್ದಾಗಿ ಕೇಳುತ್ತದೆ. ರೈನರ್ಟ್, ಮಲೋನ್ ಇಬ್ಬರೂ 2020ರಲ್ಲೇ ತೀರಿಕೊಂಡರು. ಒಬ್ಬರು ವರ್ಷದ ಶುರುವಿಗೆ, ಇನ್ನೊಬ್ಬರು ಕೊನೆಗೆ. ಆ ಜೋಡಿ ಇನ್ನು ಸಿಗುವುದಿಲ್ಲ.

ಇದರ ಪಕ್ಕದಲ್ಲೇ ಇಡಬೇಕಾದದ್ದು ಏಥೀಸ್ಟ್‌ನ ‘ಅನ್‌ಕ್ವೆಶ್ಚನಬಲ್ ಪ್ರೆಸೆನ್ಸ್’, 1991. ಅದೇ ಸ್ಟುಡಿಯೋ, ‘ಫೋಕಸ್’ನ ನಿರ್ಮಾಪಕ ಸ್ಕಾಟ್ ಬರ್ನ್ಸ್ ಅವರೇ ಇಲ್ಲೂ, ಎಂಟು ಹಾಡು, 32 ನಿಮಿಷ ಚಿಲ್ಲರೆ. ಬೇಸ್‌ನ ರೋಜರ್ ಪ್ಯಾಟರ್ಸನ್ ಈ ಹಾಡುಗಳನ್ನು ಕಟ್ಟುವುದರಲ್ಲಿ ಮುಂದಿದ್ದವರು. ರೆಕಾರ್ಡಿಂಗ್‌ಗೆ ಮುಂಚೆಯೇ, ಅದೇ ವರ್ಷದ ಫೆಬ್ರವರಿಯಲ್ಲಿ, ಪ್ರವಾಸದ ಹೊತ್ತಿನ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಸಿನಿಕ್‌ನಲ್ಲಿದ್ದ ಟೋನಿ ಚಾಯ್ ಬಂದು, ಅವರು ಬಿಟ್ಟುಹೋದ ಸಾಲುಗಳನ್ನು ಕಲಿತು ಆಲ್ಬಂ ಮುಗಿಸಿದರು. ಮೊದಲ ಹಾಡು ‘ಮದರ್ ಮ್ಯಾನ್’ನಲ್ಲೇ ಬೇಸ್ ಎದುರಿಗೆ ಬಂದು ನಿಲ್ಲುತ್ತದೆ. ಸಿನಿಕ್‌ನಲ್ಲಿ ಬೇಸ್ ಜಾರಿದರೆ ಇಲ್ಲಿ ಕುಣಿಯುತ್ತದೆ: ಚಿಕ್ಕ ಚಿಕ್ಕ ಸ್ವರ, ನಡುವೆ ಉಸಿರು, ಮತ್ತೆ ಓಟ. 2005ರ ಮರುಬಿಡುಗಡೆಯಲ್ಲಿ ಪ್ಯಾಟರ್ಸನ್ ಬದುಕಿದ್ದಾಗ ಮಾಡಿದ ಪೂರ್ವತಯಾರಿ ಡೆಮೋಗಳೂ ಇವೆ, ರೆಕಾರ್ಡಿಂಗ್ ಒರಟು. ಆದರೂ ಅದೇ ಆವೃತ್ತಿ ಹುಡುಕಿ. ಒಂದೇ ಸಾಲನ್ನು ಕಟ್ಟಿದವನು ಹೇಗೆ ನುಡಿಸಿದ, ಕಲಿತವನು ಹೇಗೆ ನುಡಿಸಿದ ಅಂತ ಎದುರುಬದುರು ಇಟ್ಟು ಕೇಳುವ ಅವಕಾಶ ಮೆಟಲ್‌ನಲ್ಲಿ ಅಪರೂಪ. ಡೆಮೋದಲ್ಲಿ ಪ್ಯಾಟರ್ಸನ್ ತಂತಿಗೆ ಕೊಡುವ ಪೆಟ್ಟು ಹೆಚ್ಚು ಒರಟು, ನನಗೆ ಅದೇ ಹೆಚ್ಚು ಇಷ್ಟ.

ಟೋನಿ ಚಾಯ್ ಅದೇ 1991ರಲ್ಲಿ ಹಾಲೆಂಡಿನ ಪೆಸ್ಟಿಲೆನ್ಸ್ ಬ್ಯಾಂಡಿನ ‘ಟೆಸ್ಟಿಮನಿ ಆಫ್ ದಿ ಏನ್ಷಿಯಂಟ್ಸ್’ನಲ್ಲೂ ನುಡಿಸಿದರು. ಹದಿನಾರು ಟ್ರ್ಯಾಕ್, ಪ್ರತಿ ಹಾಡಿನ ಬೆನ್ನಿಗೆ ಒಂದು ಪುಟ್ಟ ವಾದ್ಯದ ತುಣುಕು. ಕೀಬೋರ್ಡಿನ ತುಣುಕುಗಳು ಕೆಲವು ಹಳೆ ಭೂತದ ಸಿನಿಮಾದ ಹಾಗಿವೆ, ಅವನ್ನು ಹಾರಿಸಿದರೂ ನಷ್ಟವಿಲ್ಲ. ಹಾಡುಗಳು ಗಟ್ಟಿ.

ಕೆನಡಾದ ವೊಯ್‌ವೊಡ್‌ನ ‘ನಥಿಂಗ್‌ಫೇಸ್’ (1989) ಬೇರೆಯೇ ಲೆಕ್ಕ. ಗಿಟಾರಿನ ಪಿಗ್ಗಿ ದಪ್ಪ ತಂತಿಯ ಗುಮ್ಮು ಬಿಟ್ಟು ಮೇಲಿನ ತಂತಿಗಳಲ್ಲಿ ಬೇಕೆಂದೇ ಒಂದಕ್ಕೊಂದು ಹೊಂದದ ಸ್ವರಗಳನ್ನು ಜೋಡಿಸುತ್ತಾರೆ. ಕೆಳಗಿನ ಜಾಗ ಖಾಲಿ ಬಿತ್ತಲ್ಲ, ಅಲ್ಲಿ ಬ್ಲ್ಯಾಕಿಯ ಬೇಸ್ ಒಡೆದ ಸದ್ದಿನಲ್ಲಿ ರಾಜ್ಯಭಾರ ಮಾಡುತ್ತದೆ. ಮೊದಲು ಹೇಳಿದ ಬಾಗಿಲಿನ ಸಮಸ್ಯೆಗೆ ಇದಕ್ಕಿಂತ ಜಾಣ ಪರಿಹಾರ ನಾನು ಕೇಳಿಲ್ಲ. ಟೆಕ್ಸಾಸಿನ ವಾಚ್‌ಟವರ್‌ನ ‘ಕಂಟ್ರೋಲ್ ಅಂಡ್ ರೆಸಿಸ್ಟೆನ್ಸ್’ ಕೂಡ 1989ರದ್ದೇ. ಅದರ ಕೀರಲು ದನಿ ಎಲ್ಲರಿಗೂ ಹಿಡಿಸುವುದಿಲ್ಲ ಮಾರಾಯ್ರೇ, ಮೊದಲೇ ಹೇಳಿಬಿಡುತ್ತೇನೆ. ಕಾಲು ಕುಟ್ಟಿ ನಾಲ್ಕು-ನಾಲ್ಕು ಎಣಿಸಲು ಹೋದರೆ ತಪ್ಪುವುದು ಖಂಡಿತ. ಡಗ್ ಕೀಸರ್ ಅವರ ಬೇಸ್‌ನ ಸಾಲು ಎಲ್ಲಿ ಮರಳಿ ಶುರುವಾಗುತ್ತದೆ ಅಂತ ನೋಡಿ, ಅದೇ ನಿಮ್ಮ ಸಮ, ಅಂದರೆ ತಾಳದ ಮೊದಲ ಪೆಟ್ಟು. ಐದು, ಏಳರ ಲೆಕ್ಕದ ಖಂಡ ಛಾಪು, ಮಿಶ್ರ ಛಾಪು ತಾಳ ಗೊತ್ತಿರುವವರಿಗೆ ಇದು ಆಟ.

ಇನ್ನು ಸಾಮಾನಿನ ವಿಷಯ. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಗಿಟಾರ್ ಹುಡುಕುವುದು ವ್ಯರ್ಥ, ಅಷ್ಟು ಕೆಳಗಿನ ಸ್ವರ ಅದರಿಂದ ಹೊರಡುವುದೇ ಇಲ್ಲ. ಒಂಟಿ ಬ್ಲೂಟೂತ್ ಸ್ಪೀಕರ್ ಕೂಡ ಬೇಡ. ಮೆಟಲ್ ಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಗಿಟಾರ್ ಎಡಕ್ಕೆ, ಒಂದು ಬಲಕ್ಕೆ, ಬೇಸ್ ಮತ್ತು ಕಿಕ್ ನಡುವೆ. ಒಂಟಿ ಸ್ಪೀಕರ್ ಮೂರನ್ನೂ ಒಂದರ ಮೇಲೊಂದು ಹೇರಿ ನಡುವಿನವನನ್ನು ಮುಚ್ಚುತ್ತದೆ. ಸಾವಿರ ರೂಪಾಯಿಯೊಳಗಿನ ವೈರ್ ಇಯರ್‌ಫೋನ್ ಸಾಕು, ಆದರೆ ರಬ್ಬರ್ ಟಿಪ್ ಕಿವಿಗೆ ಸರಿಯಾಗಿ ಕೂರಬೇಕು. ಸಂದಿ ಬಿಟ್ಟರೆ ಮೊದಲು ಸೋರಿ ಹೋಗುವುದು ಬೇಸ್‌ನ ಸದ್ದೇ. ಡಬ್ಬಿಯಲ್ಲಿ ಬಂದ ಮೂರು ಅಳತೆಯನ್ನೂ ಹಾಕಿ ನೋಡಿ, ಎಡ-ಬಲ ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ‘ಬೇಸ್ ಬೂಸ್ಟ್’ ಇದ್ದರೆ ಆಫ್ ಮಾಡಿ. ಅದು ಕಿಕ್ಕನ್ನು ಉಬ್ಬಿಸುತ್ತದೆ, ಬೇಸ್‌ನ ಸ್ವರಗಳು ಕಲಸಿ ಒಂದೇ ಮುದ್ದೆಯಾಗುತ್ತವೆ. ಈಕ್ವಲೈಜರ್ (ಸದ್ದಿನ ಒಂದೊಂದು ಭಾಗವನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಇದ್ದರೆ 100 ಹರ್ಟ್ಜ್ ಸುತ್ತ 2-3 ಡೆಸಿಬಲ್ ಇಳಿಸಿ, 700-800ರ ಸುತ್ತ 2 ಏರಿಸಿ. ತಂತಿಗೆ ಬೆರಳು ತಾಗುವ ಸದ್ದು, ಫ್ರೆಟ್‌ಲೆಸ್ಸಿನ ಮೂಗುದನಿ ಅಲ್ಲೇ ಇರುವುದು. ಅದು ಕೇಳಿದರೆ ಕೆಳಗಿನ ಸ್ವರವನ್ನು ಕಿವಿ ತಾನೇ ಕೂಡಿಸಿಕೊಳ್ಳುತ್ತದೆ.

ನಮ್ಮ ಕರಾವಳಿಯ ಹವೆಯೂ ಬೇಸ್ ಕದಿಯುತ್ತದೆ. ಹೆಡ್‌ಫೋನಿನ ಕಿವಿಮೆತ್ತೆಯ ಮೇಲಿರುವುದು ಹೆಚ್ಚಾಗಿ ಪಿಯು ಅನ್ನುವ ಕೃತಕ ಚರ್ಮ. ಗಾಳಿಯ ತೇವಕ್ಕೆ ಅದು ಒಳಗಿಂದಲೇ ಒಡೆದು, ಎರಡು-ಮೂರು ಮಳೆಗಾಲದಲ್ಲಿ ಕಪ್ಪು ಚಕ್ಕೆಯಾಗಿ ಕೆನ್ನೆಗೆ ಅಂಟುತ್ತದೆ. ಚಕ್ಕೆ ಎದ್ದಲ್ಲಿ ಗಾಳಿ ಸೋರುತ್ತದೆ, ಬೇಸ್ ಹೋಗುತ್ತದೆ. ಹೆಡ್‌ಫೋನೇ ಹಾಳಾಯಿತು ಅಂತ ಬಿಸಾಡಬೇಡಿ, ಮೆತ್ತೆ ಬೇರೆಯಾಗಿ ಸಿಗುತ್ತದೆ. ಬಟ್ಟೆ ಅಥವಾ ವೆಲ್ವೆಟ್‌ನದ್ದು ಬಾಳಿಕೆ ಬರುತ್ತದೆ, ಆದರೆ ಬೇಸ್ ಸ್ವಲ್ಪ ಕಡಿಮೆ ಮಾಡುತ್ತದೆ. ಹಳೆ ಸ್ಪೀಕರ್ ಕೊಳ್ಳುವವರು ಕೋನಿನ ಸುತ್ತಲಿನ ಅಂಚು ಫೋಮೋ ರಬ್ಬರೋ ಅಂತ ಒತ್ತಿ ನೋಡಿ. ಫೋಮ್ ಆದರೆ ಈ ಹವೆಗೆ ಪುಡಿಪುಡಿ. ಕಾರವಾರದಂಥ ಉಪ್ಪುಗಾಳಿಯಲ್ಲಿ 3.5 ಎಂಎಂ ಪಿನ್ನಿಗೆ ಕಿಲುಬು ಹಿಡಿದು ಕರಕರ ಅನ್ನುತ್ತದೆ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿದರೆ ಸಾಕು. ಇಯರ್‌ಫೋನನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ನೀಲಿ ಹರಳು ಗುಲಾಬಿಯಾಯಿತೆಂದರೆ ನೀರು ಕುಡಿದಿದೆ, ಬಿಸಿ ಮಾಡಿ ಒಣಗಿಸಬೇಕು.

ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹೊಯ್ಯುವಾಗ ‘ಟೆಕ್ಸ್ಚರ್ಸ್’ನಂಥ ನವಿರು ಹಾಡು ಹಾಕಬೇಡಿ. ಮಳೆಯನ್ನು ಮೀರಿಸಲು ವಾಲ್ಯೂಮ್ ಏರಿಸಿದರೆ ಕಿವಿಗೆ ಪೆಟ್ಟು. ಅಂಥ ಹೊತ್ತಿಗೆ ಬೆಂಗಳೂರಿನ ಬೆವರ್ ಸೀ ಬ್ಯಾಂಡಿನ 2012ರ ಮೊದಲ ಆಲ್ಬಂ ಸರಿ: ಉದ್ದುದ್ದದ ನಿಧಾನ ಹಾಡುಗಳು, ಗಿಟಾರ್ ಬೇಸ್ ಎರಡೂ ಒಟ್ಟಿಗೇ ಹೆಜ್ಜೆ ಹಾಕುವ ಡೂಮ್ ಅನ್ನುವ ಭಾರದ ಮೆಟಲ್. ದೇವಿಮನೆ ಘಟ್ಟದ ಬಸ್ಸಿನಲ್ಲಿ ಕೇಳುವವರು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸಿಗ್ನಲ್ ಕುಂದಿದಾಗ ಆ್ಯಪ್ ತಾನಾಗಿ ಗುಣಮಟ್ಟ ಇಳಿಸಿ ಡ್ರಮ್ಸ್‌ನ ಸಿಂಬಲ್ ತಟ್ಟೆಗಳ ಸದ್ದೆಲ್ಲ ನೀರುನೀರು ಮಾಡುತ್ತದೆ. 320 ಕೆಬಿಪಿಎಸ್ ಅನ್ನುವ ಒಳ್ಳೆಯ ಗುಣಮಟ್ಟದಲ್ಲಿ ಪೂರ್ತಿ ‘ಫೋಕಸ್’ 90 ಎಂಬಿಯೊಳಗೆ ಮುಗಿಯುತ್ತದೆ.

ಗುರುಗುಟ್ಟುವ ದನಿ ಏನು ಮಾಡಿದರೂ ಸೇರದು ಅನ್ನುವವರಿಗೆ ಮೆಟಲ್ ಅಲ್ಲದ ಒಂದು ಆಲ್ಬಂ: ಜಪಾನ್ ಅನ್ನುವ ಇಂಗ್ಲಿಷ್ ಬ್ಯಾಂಡಿನ ‘ಟಿನ್ ಡ್ರಮ್’, 1981. ಫ್ರೆಟ್‌ಲೆಸ್ ಬೇಸ್ ಮಿಕ್ ಕಾರ್ನ್ ಅವರದ್ದು. ಅದರಲ್ಲಿ ‘ಸನ್ಸ್ ಆಫ್ ಪಯೊನಿಯರ್ಸ್’ ಏಳು ನಿಮಿಷದ ಹಾಡು, ಬೇಸ್ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾ ಹಾಡನ್ನು ಹೊತ್ತು ನಡೆಯುತ್ತದೆ, ಉಳಿದ ವಾದ್ಯಗಳು ಬಂದು ಹೋಗುತ್ತವೆ. ಇದನ್ನು ಕೇಳಿ ಒಂದು ವಾರ ಬಿಟ್ಟು ‘ಫೋಕಸ್’ಗೆ ವಾಪಸ್ ಬನ್ನಿ, ಮತ್ತೆ ‘ಟೆಕ್ಸ್ಚರ್ಸ್’ನಿಂದಲೇ ಶುರು ಮಾಡಿ. ನಿಮಗೆ ಗೊತ್ತಿರುವ ಇಂಥ ಬೇಸ್ ಆಲ್ಬಂ ಇದ್ದರೆ ಹೆಸರು, ವರ್ಷ, ಯಾವ ಆವೃತ್ತಿ ಅಂತ ಕೆಳಗೆ ಬರೆಯಿರಿ.