ವಾರದ ಪಾಲು

2025ರ ನವೆಂಬರ್ 1, ಶನಿವಾರ. ಸಂಜೆ ನಮ್ಮ ಕನ್ನಡ ಸಂಘದ ರಾಜ್ಯೋತ್ಸವವಿತ್ತು. ಬೆಳಿಗ್ಗೆ ನ್ಯೂಜೆರ್ಸಿಯ ಹೈಲ್ಯಾಂಡ್ ಪಾರ್ಕ್‌ನಲ್ಲಿರುವ, ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಒಂದಕ್ಕೆ, ಸಹೋದ್ಯೋಗಿಯೊಬ್ಬರ ಮಗನ ಬಾರ್ ಮಿಟ್ಸ್ವಾ ಎಂಬ ಪ್ರಾಯಪ್ರವೇಶದ ಆಚರಣೆಗೆಂದು ಹೋಗಿದ್ದೆ. ಹದಿಮೂರು ತುಂಬಿದ ಆ ಹುಡುಗ ಅಂದು ಸಭೆಯ ಮುಂದೆ ಓದಬೇಕಿದ್ದ, ಅವರ ಧರ್ಮಗ್ರಂಥವಾದ ತೋರಾದ ಭಾಗದ ಹೆಸರು 'ಲೆಖ್ ಲೆಖಾ'. ಕೈಗಿತ್ತ ಪುಸ್ತಕದಲ್ಲಿ ಅದರ ಅನುವಾದವನ್ನು ನೋಡಿದವನಿಗೆ ಗಂಟಲು ಕಟ್ಟಿತು. ನಿನ್ನ ನಾಡನ್ನು, ಹುಟ್ಟಿದೂರನ್ನು, ತಂದೆಯ ಮನೆಯನ್ನು ಬಿಟ್ಟು, ನಾನು ತೋರಿಸುವ ನಾಡಿಗೆ ಹೊರಡು ಎಂದು ದೇವರು ಯೆಹೂದಿಗಳ ಮೂಲಪುರುಷ ಅಬ್ರಾಮನಿಗೆ ಹೇಳುವುದರಿಂದಲೇ ಅದು ಮೊದಲಾಗುತ್ತದೆ.

ಅದನ್ನು ಯಾರೂ ಆ ದಿನಕ್ಕೆಂದು ಆರಿಸಿರಲಿಲ್ಲ. ತೋರಾದ ಐದು ಗ್ರಂಥಗಳನ್ನು 54 ಭಾಗಗಳಾಗಿಸಿ, ವಾರಕ್ಕೊಂದರಂತೆ, ಕೆಲವು ವಾರ ಎರಡನ್ನು ಕೂಡಿಸಿ, ವರ್ಷದೊಳಗೆ ಓದಿ ಮುಗಿಸುತ್ತಾರೆ. ಸಿಮ್ಹಾತ್ ತೋರಾ ಹಬ್ಬದಂದು ಕೊನೆಯ ಸಾಲು ಮುಗಿದೊಡನೆ ಸೃಷ್ಟಿಯ ಕಥೆಯಿಂದ ಮತ್ತೆ ತೊಡಗುತ್ತಾರೆ. ಅಂದು ಜೆರುಸಲೇಮಿನಲ್ಲಿಯೂ ಮುಂಬಯಿಯಲ್ಲಿಯೂ ಇದೇ ಭಾಗದ ಸರದಿ.

ತೋರಾದ ಚರ್ಮದ ಸುರುಳಿಯಲ್ಲಿ ಹೀಬ್ರೂ ಭಾಷೆಯ ಬರಿಯ ವ್ಯಂಜನಗಳಿರುತ್ತವೆ. ಸ್ವರಚಿಹ್ನೆಯಾಗಲಿ, ವಿರಾಮವಾಗಲಿ, ರಾಗದ ಗುರುತಾಗಲಿ ಇರುವುದಿಲ್ಲ. ಅವನ್ನೆಲ್ಲ ಮೊದಲೇ ಕಲಿತು, ಬೆಳ್ಳಿಯ ಕಡ್ಡಿಯಿಂದ ಸಾಲನ್ನು ಹಿಡಿದು ಓದುತ್ತಿದ್ದ ಹುಡುಗ ಒಂದೆಡೆ ತಪ್ಪಿದ. ಪಕ್ಕದಲ್ಲಿ ನಿಂತವರೊಂದಿಗೆ ಹಿಂದಿನ ಸಾಲಿನ ಮುದುಕರೂ ಸರಿಯಾದ ಪದವನ್ನು ಗಟ್ಟಿಯಾಗಿ ಹೇಳಿದರು. ಅವನು ಹಿಂದಕ್ಕೆ ಹೋಗಿ, ತಿದ್ದಿಕೊಂಡು, ಮುಂದೆ ಓದಿದ. ಅವನ ತಾಯಿತಂದೆಯರ ಮುಖದಲ್ಲಿ ಅವಮಾನದ ನೆರಳೂ ಕಾಣಲಿಲ್ಲ. ತಮ್ಮದೆಂದುಕೊಂಡ ಮಾತು ಕೆಡಬಾರದೆಂಬ ಕಾಳಜಿ ಇಡೀ ಸಭೆಗೇ ಇತ್ತು.

ಸಂಜೆ ನಮ್ಮ ವೇದಿಕೆಯಲ್ಲಿ ಹುಡುಗಿಯೊಬ್ಬಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದ ಕನ್ನಡ ಗೀತೆಯನ್ನು ಹಾಡಿದಳು. ಳಕಾರಗಳೆಲ್ಲ ಲಕಾರವಾದವು, ಒಂದು ಪದವಂತೂ ಬೇರೆಯೇ ಅರ್ಥ ಕೊಟ್ಟಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮುಂದಿನ ಸಲ ಮೊದಲೇ ತಿದ್ದಬಹುದಲ್ಲವೇ ಎಂದು ಕೇಳಿದ್ದಕ್ಕೆ, "ಮಕ್ಕಳು ಇಷ್ಟಾದರೂ ಹಾಡ್ತಾರಲ್ಲ, ಬಿಡಿ ಸರ್" ಎಂದರು ಸಂಘದವರು. ನನಗೆ ಬಿಡಲಾಗಲಿಲ್ಲ. ಇಷ್ಟಾದರೂ ಎನ್ನುತ್ತ ಎನ್ನುತ್ತಲೇ ನಾವು ನಮ್ಮ ನುಡಿಯನ್ನು ವರ್ಷಕ್ಕೊಂದು ಸಂಜೆಗೆ ಇಳಿಸಿದ್ದೇವೆ. ಅದಕ್ಕೆ ವಾರದ ಪಾಲನ್ನು ಎತ್ತಿಡುವುದಿರಲಿ, ತಿಂಗಳಿಗೊಮ್ಮೆ ಕೂಡಿ ಓದುವ ಪಾಠವೂ ನಮ್ಮಲ್ಲಿಲ್ಲ. ಊರಿನಲ್ಲಿಯೂ ಈಗ ಸ್ಥಿತಿ ಬೇರೆಯಾಗಿಲ್ಲ. ಶ್ರಾವಣದಲ್ಲಿ ನಮ್ಮ ಜಗಲಿಯಲ್ಲಿ ಅಜ್ಜ ಗದುಗಿನ ಭಾರತವನ್ನು ಓದುತ್ತಿದ್ದರು, ಎದುರುಮನೆಯ ಮೇಷ್ಟರು ಅರ್ಥ ಹೇಳುತ್ತಿದ್ದರು. ಅಜ್ಜ ಹೋದ ಮೇಲೆ ಆ ಪುಸ್ತಕ ಕಪಾಟಿನಿಂದ ಹೊರಬಂದಿಲ್ಲ.

ಇಷ್ಟು ಹೇಳಿದವನು ಉಳಿದದ್ದನ್ನೂ ಹೇಳಬೇಕು. ನಮ್ಮ ವೇದಿಕೆಯಲ್ಲಿ ಹಾಡಿದವಳು ಹುಡುಗಿ. ಆ ಸಿನಗಾಗಿನಲ್ಲಿ ಹೆಂಗಸರು ಅಡ್ಡತಡಿಕೆಯ ಆಚೆ ಕುಳಿತಿದ್ದರು, ಓದಿಗೆ ಕರೆದ ಏಳು ಮಂದಿಯೂ ಗಂಡಸರೇ. ಓದಿದ್ದರಲ್ಲಿ ಅರ್ಧಕ್ಕೆ ಮಾತ್ರ ಅರ್ಥ ಗೊತ್ತೆಂದು ಹುಡುಗ ಊಟದ ಹೊತ್ತಿನಲ್ಲಿ ಹೇಳಿದ. ಅಲ್ಲದೆ, ಆ ಪಂಚಾಂಗದಲ್ಲಿ ಮೆಚ್ಚಿದ ಕಡೆ ನಿಲ್ಲುವಂತಿಲ್ಲ. ಅದೇ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಮುಂದಿನ ವಾರದ 'ವಯೇರಾ' ಭಾಗದ ಮೊದಲ ಸಾಲುಗಳನ್ನು ಓದುತ್ತಾರೆ. ನಮ್ಮ ಜಗಲಿಯಲ್ಲಿ ಕರ್ಣಭೇದನವನ್ನು ಅಜ್ಜ ಮೂರು ರಾತ್ರಿ ಓದಿದ್ದುಂಟು. ಕೇಳಲು ಕುಳಿತವರು ಮುಂದಕ್ಕೆ ಹೋಗಲು ಬಿಟ್ಟಿರಲಿಲ್ಲ.