ಸ್ಟಾಫ್ ವೆಲ್ಫೇರ್

2025ರ ಏಪ್ರಿಲ್‌ನಲ್ಲಿ ಜೆನ್‌ಸೋಲ್ ಕಂಪನಿ ಮೇಲೆ ಷೇರುಪೇಟೆ ನಿಯಂತ್ರಕ ಸೆಬಿಯ ಮಧ್ಯಂತರ ಆದೇಶ ಬಂತಲ್ಲ, ಆಗ ಎಲ್ಲರ ಬಾಯಲ್ಲೂ ಕಂಪನಿ ದುಡ್ಡಲ್ಲಿ ಕೊಂಡರಂತೆ ಅನ್ನುವ 26 ಲಕ್ಷದ ಗಾಲ್ಫ್ ಸೆಟ್. ಎಲೆಕ್ಟ್ರಿಕ್ ಕಾರು ಕೊಳ್ಳಲು ತಂದ ಸಾಲದ ದುಡ್ಡು ಸುತ್ತಿ ಬಳಸಿ ಗುರುಗ್ರಾಮದ ದುಬಾರಿ ಫ್ಲ್ಯಾಟಿಗೂ ಹೋಗಿದೆ ಅಂತ ಸೆಬಿ ಹೇಳಿತ್ತು. ಕಂಪನಿ ನಡೆಸುತ್ತಿದ್ದವರು ಅಣ್ಣತಮ್ಮಂದಿರು. ಬೆಂಗಳೂರಲ್ಲಿ ನಿಂತುಹೋದ ಬ್ಲೂಸ್ಮಾರ್ಟ್ ಕ್ಯಾಬ್ ಕೂಡ ಅವರ ಬಳಗದ್ದೇ.

ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಪೀಣ್ಯದ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್‌ನಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆಯುತ್ತಾ ಟ್ಯಾಲಿ ಸಾಫ್ಟ್‌ವೇರ್ ಮುಂದೆ ಕೂತವನು ನಾನು. ಗಾಲ್ಫ್ ಸೆಟ್ ಒಂದು ಬರಲಿಲ್ಲ, ಅಷ್ಟೇ. ಸಾಹುಕಾರರ ಮನೆಯ ಮಿಕ್ಸಿ ‘ರಿಪೇರಿ’ ಲೆಡ್ಜರ್‌ಗೆ ಹೋಯಿತು. ಧರ್ಮಸ್ಥಳ, ಸುಬ್ರಹ್ಮಣ್ಯ ಎಲ್ಲಾ ‘ಟ್ರಾವೆಲಿಂಗ್’. ಮಗನ ಟ್ಯೂಷನ್ ಫೀಸು ‘ಟ್ರೈನಿಂಗ್’. ಯಾವುದಕ್ಕೂ ಹೊಂದದ್ದು ‘ಸಸ್ಪೆನ್ಸ್’ ಅನ್ನುವ ತಾತ್ಕಾಲಿಕ ಖಾತೆಗೆ. ಮಾರ್ಚ್‌ನಲ್ಲಿ ಕೂತು ಅದಕ್ಕೂ ಒಂದು ನಾಮಕರಣ ಮಾಡುತ್ತಿದ್ದೆವು.

ಸಾಹುಕಾರರು ಕೆಟ್ಟವರಲ್ಲ. ಅವರಪ್ಪನಿಗೆ ಎಸ್‌ಜೆಪಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇತ್ತು. ಸಂಜೆ ಗಲ್ಲಾದಿಂದ ಕೈಗೆ ಬಂದಷ್ಟು ತೆಗೆದು ತರಕಾರಿ ತಗೊಂಡು ಮನೆಗೆ ಹೋಗುತ್ತಿದ್ದರಂತೆ. ಒಬ್ಬರದೇ ಅಂಗಡಿಯಲ್ಲಿ ಅದು ತಪ್ಪೂ ಅಲ್ಲ. ಡ್ರಾಯಿಂಗ್ಸ್ ಅಂತ ಬರೆದು ಬಂಡವಾಳದಲ್ಲಿ ಕಳೆದರೆ ಮುಗೀತು. ಆದರೆ ಬೋರ್ಡಿನ ಮೇಲೆ ‘ಪ್ರೈವೇಟ್ ಲಿಮಿಟೆಡ್’ ಅಂತ ಬರೆಸಿದ ದಿನ ಗಲ್ಲಾ ನಿಮ್ಮದಲ್ಲ, ಕಂಪನಿಯದ್ದು. ಬಿಕಾಂ ಹುಡುಗರಿಗೂ ಗೊತ್ತಿರುವ ಪಾಠ ಇದು.

ಆಸೆ ಯಾಕೆ ಅಂತ ನನಗೆ ಅರ್ಥವಾಗುತ್ತದೆ. 30 ಪರ್ಸೆಂಟ್ ಸ್ಲ್ಯಾಬ್‌ನಲ್ಲಿ ಇರುವವರ ಕೈಗೆ 1 ಲಕ್ಷ ಸಿಗಬೇಕಾದರೆ ಸೆಸ್ ಎಲ್ಲಾ ಸೇರಿ ಸುಮಾರು 1.45 ಲಕ್ಷ ಸಂಬಳ ಹಾಕಬೇಕು. ಬಿಲ್ಲನ್ನೇ ಕಂಪನಿಗೆ ತಳ್ಳಿದರೆ 1 ಲಕ್ಷಕ್ಕೇ ಕೆಲಸ ಆಯಿತು. “ಸಂಬಳ ಜಾಸ್ತಿ ಹಾಕ್ಕೊಳ್ಳಿ ಸಾರ್, ನೇರವಾಗಿ ಇರುತ್ತೆ” ಅಂತ ಒಮ್ಮೆ ಧೈರ್ಯ ಮಾಡಿ ಹೇಳಿದ್ದೆ. “ಟ್ಯಾಕ್ಸು ನಿಮ್ಮಪ್ಪ ಕಟ್ತಾರಾ?” ಅಂದರು.

ಕಾನೂನಿಗೆ ಇದೆಲ್ಲ ಗೊತ್ತಿಲ್ಲ ಅಂದುಕೊಳ್ಳಬೇಡಿ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 2(22)(ಇ) ಅನ್ನುವ ಕಲಂ ಇದ್ದದ್ದೇ ಇದಕ್ಕೆ. ಇಂಥ ಮನೆಮಂದಿಯ ಕಂಪನಿಯಲ್ಲಿ 10 ಪರ್ಸೆಂಟೋ ಹೆಚ್ಚೋ ಷೇರು ಇರುವವರು ಸಾಲ ಅಂತ ದುಡ್ಡು ತೆಗೆದರೆ, ಕೂಡಿಟ್ಟ ಲಾಭ ಇರುವಷ್ಟಕ್ಕೆ ಅದು ಡಿವಿಡೆಂಡ್, ಅಂದರೆ ಷೇರುದಾರರಿಗೆ ಹಂಚಿದ ಲಾಭ ಅಂತಲೇ ಲೆಕ್ಕ, ಟ್ಯಾಕ್ಸ್ ಬೀಳುತ್ತೆ. ಆಮೇಲೆ ವಾಪಸ್ ಕಟ್ಟಿದೆ ಅಂದರೂ ಕೇಳುವುದಿಲ್ಲ. ಟ್ಯಾಕ್ಸ್ ಆಡಿಟ್‌ನ 3ಸಿಡಿ ಫಾರಂನಲ್ಲಿ ಸ್ವಂತ ಖರ್ಚು ಎಷ್ಟು ಸೇರಿಸಿದ್ದೀರಿ ಅಂತ ಕೇಳುವ ಜಾಗವೂ ಇತ್ತು. ಹನ್ನೊಂದು ವರ್ಷವೂ ನಮ್ಮದು ‘ಇಲ್ಲ’.

ಆದರೆ ಈ ಜಗಳದಲ್ಲಿ ಸರ್ಕಾರದ ಮೇಲೆ ನನಗೆ ಅಂಥ ಕನಿಕರ ಏನಿಲ್ಲ. ನನ್ನ ಸಂಕಟ ಬೇರೆ. ಡಿವಿಡೆಂಡ್ ಕೊಟ್ಟರೆ ಷೇರಿನ ಲೆಕ್ಕದಲ್ಲಿ ಎಲ್ಲರಿಗೂ ಕೊಡಬೇಕು. ಕಂಪನಿ ಕಾರ್ಡು ಹಾಗಲ್ಲ, ಯಾರ ಜೇಬಲ್ಲಿದೆಯೋ ಅವರಿಗೆ ಮಾತ್ರ. ತೆರಿಗೆ ಉಳಿಸುತ್ತೇವೆ ಅನ್ನುವ ಮಾತಿನ ಹಿಂದೆ ಈ ಅನುಕೂಲವೂ ಕೂತಿರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಮ್ಮ ಕಂಪನಿಯಲ್ಲಿ ಸಾಹುಕಾರರ ತಮ್ಮನದ್ದು 40 ಪರ್ಸೆಂಟ್. ಅವರು ತೀರಿಕೊಂಡ ಮೇಲೆ ಷೇರು ಅವರ ಹೆಂಡತಿ ಹೆಸರಿಗೆ ಬಂತು. ಕಾರ್ಡು ಬರಲಿಲ್ಲ. ಡಿವಿಡೆಂಡ್ ಅಂತೂ ನಾನಿದ್ದಷ್ಟು ದಿನ ಒಂದು ರೂಪಾಯಿ ಕೊಟ್ಟಿಲ್ಲ. ಕಂಪನಿ ಜಗಳಗಳ ನ್ಯಾಯಮಂಡಳಿ ಎನ್‌ಸಿಎಲ್‌ಟಿಗೆ ಹೋಗಬಹುದು, ಅಷ್ಟು ಷೇರಿದ್ದರೆ ಹಕ್ಕಿದೆ. ಭಾವನ ಮೇಲೆ ಕೇಸು ಹಾಕಿ, ಆಮೇಲೆ ಅದೇ ಮನೆಯ ಗೌರಿ ಹಬ್ಬಕ್ಕೆ ಹೋಗುವುದು ಹೇಗೆ?

ಒಂದು ವರ್ಷ ಆ ತಮ್ಮನ ಹೆಂಡತಿ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಲು ಬಂದಿದ್ದರು. ಸಾಹುಕಾರರ ಮಗಳ ಮದುವೆ ಆದ ವರ್ಷ. ಅಡುಗೆಯವರ ಬಿಲ್ಲನ್ನು ಎಲ್ಲಿ ಹಾಕಿದ್ದೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

“ಲಾಭ ಎಷ್ಟು ಬಂತು ಸಾರ್?” ಅಂತ ಕೇಳಿದರು.

“ಈ ಸಲ ಜಾಸ್ತಿ ಇಲ್ಲಮ್ಮ.”

ಸುಮ್ನೆ ಹಾಳೆ ತಿರುಗಿಸಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. “ಸ್ಟಾಫ್ ವೆಲ್ಫೇರ್ ಇಷ್ಟೊಂದಾ? ಏನು ಕೊಟ್ರಿ ಸಾರ್ ಎಲ್ಲರಿಗೂ?”

ನಾವಿದ್ದದ್ದು ಹದಿನಾಲ್ಕು ಜನ. ಆಯುಧಪೂಜೆಗೆ ಕೊಟ್ಟಿದ್ದು ತಲಾ ಅರ್ಧ ಕೆಜಿ ಸ್ವೀಟು, ಒಂದು ಪ್ಯಾಕೆಟ್ ಕಡ್ಲೆಪುರಿ.

“ಹಬ್ಬಕ್ಕೆ ಕೊಟ್ಟಿದ್ದಮ್ಮ” ಅಂದೆ. ಪೆನ್ನು ಮುಂದೆ ಇಟ್ಟೆ.