ಅರವತ್ತೈದಾದ ಮೇಲೆ ಆಧಾರ್

ರಜೆ ಹತ್ತಿರ ಬಂತೆಂದರೆ ಟೂರ್ ಏಜೆಂಟರ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಬೀಳುತ್ತದೆ. ಎಲ್ಲ ದಪ್ಪ ಅಕ್ಷರ, ಕೊನೆಗೆ ಸಾಲಾಗಿ ಕೈಮುಗಿದ ಎಮೋಜಿ. ‘ನೇಪಾಳ, ಭೂತಾನ್‌ಗೆ ಬರುವವರು ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ಒರಿಜಿನಲ್ ತರತಕ್ಕದ್ದು. ಆಧಾರ್ ನಡೆಯುವುದಿಲ್ಲ.’ ಅದರ ಬೆನ್ನಿಗೇ ಒಬ್ಬರು ಕೇಳುತ್ತಾರೆ: ‘ಸರ್, ಆಧಾರ್ ಆಗುತ್ತಾ?’

ಅವರನ್ನು ಬೈಯಬೇಡಿ. ಆಧಾರ್ ನಡೆಯದ ಜಾಗವೊಂದು ಇದೆ ಅಂದರೆ ಯಾರು ತಾನೇ ನಂಬುತ್ತಾರೆ? ಸಿಮ್‌ಗೆ ಆಧಾರ್, ಗ್ಯಾಸಿಗೆ ಆಧಾರ್, ರೇಷನ್ನಿಗೆ ಹೆಬ್ಬೆಟ್ಟು. ನಮ್ಮ ಬಸ್ಸಲ್ಲಿ ಕಂಡಕ್ಟರಿಗೆ ಅದನ್ನು ತೋರಿಸಿ ಹೆಣ್ಣುಮಕ್ಕಳು ಬೀದರ್‌ವರೆಗೂ ಫ್ರೀ ಟಿಕೆಟ್ಟಿನಲ್ಲಿ ಹೋಗುತ್ತಾರೆ. ಕಣ್ಣಿನ ಪಾಪೆ, ಹತ್ತು ಬೆರಳು ಎಲ್ಲ ಕೊಟ್ಟು ಪಡೆದ ಕಾರ್ಡು. ಬಂಗಾಳದ ಗಡಿಯೂರು ಜೈಗಾಂವ್‌ನಿಂದ ನಾಲ್ಕು ಹೆಜ್ಜೆ ಹಾಕಿ ಭೂತಾನಿನ ಫುಂಟ್‌ಶೋಲಿಂಗ್ ಗೇಟಿನ ಆಚೆ ಹೋದರೆ ಅದು ಬರೀ ಲ್ಯಾಮಿನೇಷನ್.

ಹಾಗಂತ ಪೂರ್ತಿ ನಡೆಯುವುದೇ ಇಲ್ಲ ಅಂತಲೂ ಅಲ್ಲ. ನಮ್ಮ ಗೃಹ ಇಲಾಖೆಗೆ ಕರುಣೆ ಇದೆ. 2019ರ ಜನವರಿಯಲ್ಲಿ ಅದು ಹೇಳಿತು: 15 ವರ್ಷಕ್ಕಿಂತ ಚಿಕ್ಕವರು, 65 ದಾಟಿದವರು ಆಧಾರ್ ತೋರಿಸಿ ನೇಪಾಳ, ಭೂತಾನ್‌ಗೆ ಹೋಗಬಹುದು. ನಡುವಿನವರು ಹೋಗುವಂತಿಲ್ಲ. ಅಂದರೆ ಹದಿನೈದು ತುಂಬುವವರೆಗೆ ನಿಮ್ಮ ಆಧಾರ್ ಸತ್ಯ ಹೇಳುತ್ತದೆ. ಆಮೇಲೆ ಐವತ್ತು ವರ್ಷ ಅದರ ಮಾತಿಗೆ ಬೆಲೆ ಇಲ್ಲ. ಅರವತ್ತೈದು ದಾಟಿದ ಮರುದಿನ ಮತ್ತೆ ಸತ್ಯ ಶುರು. ಕಾರ್ಡು ಅದೇ, ನಂಬರು ಅದೇ, ಫೋಟೊದಲ್ಲಿ ಗಾಬರಿಬಿದ್ದ ಮುಖವೂ ಅದೇ. ಅರವತ್ತನಾಲ್ಕರ ರಾಯರು ಗಡಿಯಲ್ಲಿ ಅನುಮಾನಾಸ್ಪದ ವ್ಯಕ್ತಿ. ಅವರ ಅಕ್ಕ ಮಾತ್ರ ಆರಾಮಾಗಿ ಮುಕ್ತಿನಾಥಕ್ಕೆ ಹೋಗಿ, ಗಂಡಕಿಯಲ್ಲಿ ಮಿಂದು, ಒಂದು ಸಾಲಿಗ್ರಾಮವನ್ನೂ ತರಬಹುದು.

ಇನ್ನು ಹದಿನೈದರಿಂದ ಹದಿನೆಂಟರ ಮಕ್ಕಳು. ಇವರ ಆಧಾರ್ ನಡೆಯುವುದಿಲ್ಲ, ವೋಟರ್ ಕಾರ್ಡು ಬಂದಿರುವುದಿಲ್ಲ. ಇವರಿಗೆ ಶಾಲೆಯ ಪ್ರಿನ್ಸಿಪಾಲರು ಒಂದು ಗುರುತಿನ ಪತ್ರ ಬರೆದುಕೊಟ್ಟರೆ ಸಾಕು ಎನ್ನುತ್ತದೆ ನಿಯಮ. ನನಗೆ ಬಹಳ ಹಿಡಿಸಿದ್ದು ಇದು. ಇಡೀ ಭಾರತ ಸರ್ಕಾರ ಸೇರಿ ಮಾಡಿದ ಕಾರ್ಡಿನ ಮೇಲೆ ನಂಬಿಕೆ ಇಲ್ಲ, ಹೆಡ್‌ಮಾಸ್ಟರ ಹಸಿರು ಇಂಕಿನ ಸಹಿಯ ಮೇಲೆ ಇದೆ. ಫೀಸು ಬಾಕಿ ಇದ್ದರೆ ಟೀಸಿ ಕೊಡದೆ ಸತಾಯಿಸುವ ಅದೇ ಹೆಡ್‌ಮಾಸ್ಟರು ಈಗ ನಿಮ್ಮ ಮಗನ ವಿದೇಶಾಂಗ ಮಂತ್ರಿ. ಅವರ ಮುಂದೆ ಕೈಕಟ್ಟಿ ನಿಲ್ಲೋದು ಹೊಸದೇನಲ್ಲ ಬಿಡಿ.

ಸರಿ, ವೋಟರ್ ಕಾರ್ಡ್ ಹುಡುಕೋಣ. ಎಲ್ಲಿರುತ್ತದೆ? ಬೀರುವಿನ ಮೇಲಿನ ಅರೆಯಲ್ಲಿ, ಹಳೇ ಕರೆಂಟ್ ಬಿಲ್ಲುಗಳ ಜೊತೆ. ಮಾಸಿದ ಪ್ಲಾಸ್ಟಿಕ್, ಅರ್ಧ ಕಿತ್ತುಹೋದ ಹೊಳೆಯುವ ಸ್ಟಿಕ್ಕರ್. ಒಳಗೆ ಕಪ್ಪುಬಿಳುಪು ಫೋಟೊ. ಕೂದಲು ಯಾವುದು, ಹಿಂದಿನ ಗೋಡೆ ಯಾವುದು ಗೊತ್ತಾಗುವುದಿಲ್ಲ. ಎದುರಿಗೆ ನಿಂತ ಮನುಷ್ಯನಿಗೂ ಆ ಮುಖಕ್ಕೂ ಸಂಬಂಧ ಕಟ್ಟಲು ಹೆತ್ತ ತಾಯಿಗೂ ಆಗದು. ಭೂತಾನಿನ ಅಧಿಕಾರಿ ಮಾತ್ರ ಅದನ್ನು ನೋಡಿ, ನಿಮ್ಮನ್ನು ನೋಡಿ, ಪರ್ಮಿಟ್ ಕೊಟ್ಟುಬಿಡುತ್ತಾನೆ. ಜೊತೆಗೆ ಒಂದು ರಾತ್ರಿಗೆ 1,200 ರೂಪಾಯಿಯ ‘ಸುಸ್ಥಿರ ಅಭಿವೃದ್ಧಿ ಶುಲ್ಕ’ ಕಟ್ಟಿಸಿಕೊಳ್ಳುತ್ತಾನೆ. ಅದಕ್ಕೆ ನನ್ನ ತಕರಾರಿಲ್ಲ. ನಾವು ಹೋದ ಬೆಟ್ಟದಲ್ಲೆಲ್ಲ ಬಿಟ್ಟುಬರುವ ಚಿಪ್ಸ್ ಪೊಟ್ಟಣ ನೋಡಿದರೆ ಅವರು ಕೇಳಿದ್ದು ಕಡಿಮೆಯೇ ಆಯಿತು.

ಒಟ್ಟಿನಲ್ಲಿ ವೋಟರ್ ಕಾರ್ಡ್ ಇದ್ದವನು ಭಾರತೀಯ ಅಂತ ಭೂತಾನ್ ಒಪ್ಪಿತು, ನೇಪಾಳ ಒಪ್ಪಿತು. ಒಪ್ಪದೇ ಇದ್ದವರು ಯಾರು ಗೊತ್ತಲ್ಲ? ಆ ಕಾರ್ಡನ್ನು ಕೊಟ್ಟ ಚುನಾವಣಾ ಆಯೋಗ! 2025ರ ಜೂನ್‌ನಲ್ಲಿ ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆಗೆ ಅದು ಹನ್ನೊಂದು ದಾಖಲೆಗಳ ಲಿಸ್ಟ್ ಕೊಟ್ಟಿತು. ಅದರಲ್ಲಿ ಆಧಾರ್ ಇರಲಿಲ್ಲ. ರೇಷನ್ ಕಾರ್ಡ್ ಇರಲಿಲ್ಲ. ತಾನೇ ಅಚ್ಚು ಹಾಕಿ ಹಂಚಿದ ವೋಟರ್ ಕಾರ್ಡೂ ಇರಲಿಲ್ಲ. ರಕ್ಸೌಲ್ ಬಿಹಾರದಲ್ಲೇ ಇದೆ, ಎದುರಿಗೇ ನೇಪಾಳದ ಬೀರ್‌ಗಂಜ್. ಅಲ್ಲಿನವನು ಆ ಕಾರ್ಡ್ ಹಿಡಿದು ಪರದೇಶಕ್ಕೆ ಹೋಗಬಹುದು, ತನ್ನೂರಿನ ವೋಟರ್ ಲಿಸ್ಟಿನೊಳಗೆ ಹೋಗಲಾರ. ಆಮೇಲೆ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಆಧಾರ್ ಹನ್ನೆರಡನೇ ದಾಖಲೆಯಾಗಿ ಸೇರಿತು. ಅದೂ ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ. ನೀವು ನೀವೇ ಅನ್ನುವುದು ಖಾತ್ರಿ, ಯಾವ ದೇಶದವರು ಅನ್ನುವುದು ಆಮೇಲೆ ನೋಡೋಣ.

ನೇಪಾಳದ ಮಾತು ಬಂತು, ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. 1950ರ ಒಪ್ಪಂದ, ಬೇಲಿಯಿಲ್ಲದ ಗಡಿ, ನಮ್ಮ ನೂರಕ್ಕೆ ಅವರ ನೂರ ಅರವತ್ತು. ಪಶುಪತಿನಾಥನ ಪೂಜೆಗೆ ತಲೆತಲಾಂತರದಿಂದ ನಮ್ಮ ಕರ್ನಾಟಕದ ಕಡೆಯ ಭಟ್ಟರೇ ಇದ್ದಾರೆ. ಇಷ್ಟು ಹತ್ತಿರದ ನೆಂಟಸ್ತನ. ನಾವೇನು ಮಾಡಿದೆವು? 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ಸತ್ತವು ಎಂದೆವು. ನೇಪಾಳದವರ ಕೈಲಿದ್ದ ನಮ್ಮ ನೋಟು ಅಲ್ಲೇ ಕೂತವು. 2018ರ ಕೊನೆಗೆ ನೇಪಾಳ ‘ನಿಮ್ಮ ಹೊಸ ಇನ್ನೂರು, ಐನೂರು, ಎರಡು ಸಾವಿರ ನಮಗೆ ಬೇಡ’ ಅಂದುಬಿಟ್ಟಿತು. ಬೇಡ ಅನ್ನದೆ ಇನ್ನೇನು? ಹಾಗಾಗಿ ವರ್ಷಗಟ್ಟಲೆ ನಮ್ಮ ಯಾತ್ರಿಕರು ನೂರರ ಕಂತೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ದೇವರ ದರ್ಶನಕ್ಕೆ ಹೋದರು.

ಆದರೆ ಕಾಗದದ ಹುಚ್ಚಾಟದಲ್ಲಿ ಬಂಗಾಳದ ಕೂಚ್ ಬೆಹಾರ್ ಕಡೆಯ ಗಡಿಯನ್ನು ಮೀರಿಸಿದ್ದು ಇನ್ನೊಂದಿಲ್ಲ. 2015ರವರೆಗೆ ಅಲ್ಲಿ ಭಾರತದ 111 ತುಂಡು ನೆಲ ಬಾಂಗ್ಲಾದೇಶದ ಹೊಟ್ಟೆಯಲ್ಲಿತ್ತು. ಅವರ 51 ತುಂಡು ನಮ್ಮ ಹೊಟ್ಟೆಯಲ್ಲಿ. ಅದರಲ್ಲಿ ದಹಾಲಾ ಖಾಗ್ರಾಬಾಡಿ ಅಂತ ಒಂದು ಸೆಣಬಿನ ಹೊಲ. ಅದು ಭಾರತದ ನೆಲ. ಅದರ ಸುತ್ತ ಬಾಂಗ್ಲಾದೇಶದ ತುಂಡು. ಅದರ ಸುತ್ತ ಭಾರತದ ತುಂಡು. ಅದರ ಸುತ್ತ ಮತ್ತೆ ಬಾಂಗ್ಲಾದೇಶ. ಓದಿ ತಲೆ ತಿರುಗಿತಾ? ಆ ಹೊಲದಲ್ಲಿ ಸಂಜೆ ಕಟ್ಟು ಬಿಚ್ಚಿಕೊಂಡು ಓಡಿದ ಹಸುವನ್ನು ಕಾನೂನು ಪ್ರಕಾರ ಹಿಡಿದು ತರಬೇಕಾದರೆ ಎಷ್ಟು ವೀಸಾ ಬೇಕು, ಲೆಕ್ಕ ಹಾಕಿ ನೋಡಿ.

ಇಂಥ ತುಂಡುಗಳಲ್ಲಿ ಸಾವಿರಾರು ಜನ ಬದುಕಿದ್ದರು. ಅಂಥವನೊಬ್ಬ ತನ್ನದೇ ದೇಶಕ್ಕೆ ಬರಬೇಕಾದರೆ ನಡುವಿನ ಇನ್ನೊಂದು ದೇಶದ ವೀಸಾ ಬೇಕು. ವೀಸಾಕ್ಕೆ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟ್ ಸಿಗುವ ಆಫೀಸು ಇರುವುದು ಆಚೆ, ತನ್ನ ದೇಶದಲ್ಲಿ. ಅಲ್ಲಿಗೆ ಹೋಗಲು ವೀಸಾ ಬೇಕು! ಕಾನೂನು ಪಾಲಿಸಲು ಹೊರಟವನ ಮೊದಲ ಹೆಜ್ಜೆಯೇ ಕಾನೂನುಬಾಹಿರ. ತೀನ್ ಬಿಘಾ ಎಂಬಲ್ಲಿ ಬಾಂಗ್ಲಾದೇಶದ ದಹಗ್ರಾಮಕ್ಕೆ ನಮ್ಮ ನೆಲ ದಾಟಿ ಹೋಗುವ ದಾರಿ. 1992ರಲ್ಲಿ ಅದನ್ನು ತೆರೆದಾಗ ಹಗಲು ಹೊತ್ತಿನಲ್ಲಿ ಒಂದು ಗಂಟೆ ಗೇಟು ತೆಗೆಯುವುದು, ಒಂದು ಗಂಟೆ ಮುಚ್ಚುವುದು ಎಂದು ಏರ್ಪಾಟಾಯಿತು. ಹೆರಿಗೆ ನೋವು, ಹಾವು ಕಡಿತ ಎಲ್ಲವೂ ಗೇಟಿನ ಟೈಮ್ ನೋಡಿಕೊಂಡು ಬರಬೇಕಿತ್ತು. ಹಗಲು ರಾತ್ರಿ ಗೇಟು ತೆರೆದಿದ್ದು 2011ರಲ್ಲಿ. 2015ರ ಜುಲೈ 31ರ ನಡುರಾತ್ರಿ ತುಂಡುಗಳ ವಿನಿಮಯವೂ ಮುಗಿಯಿತು. ಮುಗಿದದ್ದು ನಕಾಶೆಯ ತರಲೆ, ಕಾಗದದ್ದಲ್ಲ.

ಪಶ್ಚಿಮಕ್ಕೆ ಹೋದರೆ ಪಾಕಿಸ್ತಾನದ ಕರ್ತಾರ್‌ಪುರ, ಗುರುನಾನಕರ ಗುರುದ್ವಾರ ಇರುವ ಊರು. 2019ರಲ್ಲಿ ಕಾರಿಡಾರ್ ತೆರೆದಾಗ ವೀಸಾ ಬೇಡ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವೀಸಾ ಬೇಡ, ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟ್ ಬೇಕು, ಆದರೆ ಅದರ ಮೇಲೆ ಸೀಲು ಹಾಕುವುದಿಲ್ಲ. ಮೊದಲೇ ಆನ್‌ಲೈನ್ ಅರ್ಜಿ, 20 ಡಾಲರ್ ಶುಲ್ಕ, ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್. ಗುರುನಾನಕರು ಯಾವ ಕಾಗದವೂ ಇಲ್ಲದೆ ಊರೂರು ಸುತ್ತಿದವರು. 2025ರ ಮೇನಲ್ಲಿ ನಮ್ಮ ಕಡೆಯಿಂದ ಆ ಬಾಗಿಲೂ ಹಾಕಿತು.

ಒಳ್ಳೆ ತಮಾಷೆ ಅಲ್ವಾ? ಗಡಿ ದಾಟಿ ಫೋಟೊ ಹೊಡೆಸಿಕೊಳ್ಳಲು ಹೊರಟವರಿಗೆ ಇದೆಲ್ಲ ತಮಾಷೆಯೇ. ಕಾಗದ ಸರಿಯಿಲ್ಲದಿದ್ದರೆ ಟೂರ್ ಅಡ್ವಾನ್ಸ್ ಹೋಗುತ್ತದೆ, ಅಷ್ಟೆ.

2025ರ ಜೂನ್‌ನಲ್ಲಿ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿಯನ್ನು ಬಾಂಗ್ಲಾದೇಶದವಳೆಂದು ದೆಹಲಿಯಲ್ಲಿ ಹಿಡಿದು, ಗಂಡ, ಎಂಟು ವರ್ಷದ ಮಗನ ಸಮೇತ ಬಾಂಗ್ಲಾದೇಶಕ್ಕೆ ದಾಟಿಸಿದರು. ವೋಟರ್ ಕಾರ್ಡ್ ಕೇಳುವ ಶಿಸ್ತು, ಹೆಡ್‌ಮಾಸ್ಟರ ಪತ್ರ, ಒರಿಜಿನಲ್ ಮತ್ತು ಜೆರಾಕ್ಸ್, ಎಲ್ಲ ಆಗ ಎಲ್ಲಿ ಹೋಗಿತ್ತು? ಹೋಗುವವನಿಗೆ ಇಷ್ಟೆಲ್ಲ ನಿಯಮ, ಹೊರಗೆ ತಳ್ಳುವವನಿಗೆ ಒಂದೂ ಇಲ್ಲ. ಆಚೆಯವರು ಅವರನ್ನು ಅಕ್ರಮವಾಗಿ ಒಳಬಂದವರೆಂದು ಜೈಲಿಗೆ ಹಾಕಿದರು. ಕೊನೆಗೆ ಚಾಪೈ ನವಾಬ್‌ಗಂಜ್‌ನ ಕೋರ್ಟು ಅವರ ಆಧಾರ್, ವಿಳಾಸ ನೋಡಿ, ಇವರು ಭಾರತೀಯರು ಎಂದು ಹೇಳಿತು. ನಮ್ಮ ಆಧಾರನ್ನು ನಂಬಲು ಬಾಂಗ್ಲಾದೇಶದ ನ್ಯಾಯಾಧೀಶರೇ ಬೇಕಾಯಿತು. ಅದಕ್ಕೂ ಮೊದಲೇ ಕಲ್ಕತ್ತಾ ಹೈಕೋರ್ಟ್ ನಾಲ್ಕು ವಾರದಲ್ಲಿ ಕರೆತನ್ನಿ ಎಂದಿತ್ತು. ಕೇಂದ್ರ ಸರ್ಕಾರದವರು ಕರೆತರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಡಿಸೆಂಬರ್‌ನಲ್ಲಿ, ತುಂಬು ಬಸುರಿನ ಹೊಟ್ಟೆ ಹೊತ್ತು ಆಕೆ ಮಗನ ಕೈಹಿಡಿದು ವಾಪಸ್ ಬಂದಳು. ಗಂಡನನ್ನು ಆಗ ಬಿಡಲಿಲ್ಲ. ಆಕೆಯನ್ನು ಒಳಗೆ ಬಿಟ್ಟದ್ದೂ ‘ಮಾನವೀಯ ನೆಲೆಯಲ್ಲಿ’ ಅಂತೆ. ತನ್ನ ಮನೆಗೆ ತಾನು ಬರುವುದಕ್ಕೆ.